ಘಟ್ಟದ ಕೆಳಗಿನ ಒಂದು ಕರಾರು

ಸಿದ್ದಾಪುರ ಸೀಮೆಯ ನಿಲ್ಕುಂದ ಘಟ್ಟದ ಅಂಚಿನ ಊರು. ಅಲ್ಲಿಂದ ಮುಂದೆ ದಾರಿ ಕುಮಟೆಯ ಕಡೆಗೆ ಇಳಿಯತೊಡಗುತ್ತದೆ. ಮೇಲೆ ಅಡಿಕೆಯ ತೋಟ, ಮೆಣಸಿನ ಬಳ್ಳಿ, ದಟ್ಟವಾದ ಕಾಡು. ಕೆಳಗೆ ಗದ್ದೆ, ತೆಂಗು, ಉಪ್ಪಿನ ಆಗರ, ಅದರಾಚೆ ಸಮುದ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ಇಂಥ ಇಳುಕಲು ದಾರಿಗಳ ಪರಿಚಯ ಹೊಸದಲ್ಲ. ಮೋಟಾರು ಬರುವ ಮೊದಲು ಈ ದಾರಿಗಳಲ್ಲಿ ಹೇರೆತ್ತುಗಳು ಸಾಲುಗಟ್ಟಿ ನಡೆಯುತ್ತಿದ್ದವು. ಕೆಳಗಿನಿಂದ ಉಪ್ಪೂ ಒಣಮೀನೂ ಏರಿ ಬರುತ್ತಿದ್ದವು, ಮೇಲಿನಿಂದ ಮೆಣಸೂ ಅಡಿಕೆಯೂ ಇಳಿದು ಹೋಗುತ್ತಿದ್ದವು. ಇಷ್ಟನ್ನು ಮನೆಯ ಹಿರಿಯರ ಬಾಯಿಂದ ಕೇಳಿದವರು ಅನೇಕರಿದ್ದಾರೆ. ಆದರೆ ಈ ಘಟ್ಟದ ಸಾಲನ್ನು ದಾಟಿಯೇ ಒಂದು ಕಾಲಕ್ಕೆ ಕನ್ನಡ ನಾಡಿನ ಯುದ್ಧಸಾಮಗ್ರಿ ಸಾಗುತ್ತಿತ್ತೆಂಬುದನ್ನೂ, ಅದರ ಸಲುವಾಗಿ ಎರಡು ರಾಜ್ಯಗಳು ಕಾಗದದ ಮೇಲೆ ಕರಾರು ಬರೆದುಕೊಂಡಿದ್ದವೆಂಬುದನ್ನೂ ನಾವು ಅಷ್ಟಾಗಿ ನೆನೆಯುವುದಿಲ್ಲ.

ಈಗ ದಿನಪತ್ರಿಕೆ ತೆರೆದರೆ ‘ನಿರ್ಣಾಯಕ ಖನಿಜ’ವೆಂಬ ಮಾತು ಕಣ್ಣಿಗೆ ಬೀಳುತ್ತದೆ. ಲಿಥಿಯಂ, ಕೋಬಾಲ್ಟ್, ವಿರಳ ಭಸ್ಮ ಲೋಹಗಳು—ಇವಿಲ್ಲದೆ ವಿಮಾನವಿಲ್ಲ, ಕ್ಷಿಪಣಿಯಿಲ್ಲ, ರೇಡಾರ್ ಇಲ್ಲ. 2023ರಲ್ಲಿ ಚೀನವು ಗ್ಯಾಲಿಯಂ ಮತ್ತು ಜರ್ಮೇನಿಯಂ ರಫ್ತಿಗೆ ಕಡಿವಾಣ ಹಾಕಿತು. ಅದೇ ವರ್ಷ ನಮ್ಮ ದೇಶವು ಅಮೆರಿಕೆಯ ಮುಂದಾಳುತನದಲ್ಲಿ ನಡೆದಿದ್ದ ಖನಿಜ ಭದ್ರತೆಯ ಕೂಟವನ್ನು ಸೇರಿತು. ನನ್ನ ಸ್ನೇಹಿತರು ಇಮ್ಮಡಿಯಾಗಿ, ಶತ್ರುವಿನ ಕೈಗೆ ಸರಕು ಸೇರದಂತೆ, ಬರುವ ದಾರಿಯೂ ಭದ್ರವಾಗಿರಬೇಕೆಂಬ ಈ ಬಯಕೆಯನ್ನು ನಮ್ಮ ಕಾಲದ ಆವಿಷ್ಕಾರವೆಂದು ಬಗೆಯುವವರುಂಟು. 1547ನೆಯ ಇಸವಿ ಸೆಪ್ಟೆಂಬರ್ 19ರಂದು ವಿಜಯನಗರದ ಸದಾಶಿವರಾಯನ ಪರವಾಗಿಯೂ ಪೋರ್ತುಗಾಲದ ದೊರೆಯ ಪರವಾಗಿ ಗೋವೆಯ ಗವರ್ನರ್ ಜೊವಾಂವ್ ದ ಕಾಸ್ತ್ರೊನಿಂದಲೂ ಆದ ಕರಾರನ್ನು ಓದಿದವರು ಹಾಗೆನ್ನಲಾರರು.

ಅದರ ಕಲಮುಗಳು ಹೀಗಿವೆ. ಅರಬಸ್ತಾನ ಮತ್ತು ಪರ್ಶಿಯಗಳಿಂದ ಗೋವೆಗೆ ಬಂದಿಳಿಯುವ ಕುದುರೆಗಳನ್ನೆಲ್ಲ ತಕ್ಕ ಬೆಲೆಗೆ ಕೊಳ್ಳುವ ಹಕ್ಕು ವಿಜಯನಗರದ್ದು. ವಿಜಾಪುರದ ಆದಿಲಶಾಹನಿಗೆ ಒಂದೂ ಹೋಗಕೂಡದು. ಪೆಟ್ಲುಪ್ಪು ಮತ್ತು ಕಬ್ಬಿಣದ ವ್ಯಾಪಾರ ಆದಿಲಶಾಹನ ರೇವುಗಳನ್ನು ಬಿಟ್ಟು ಪೋರ್ತುಗೀಜರ ಕೋಠಿಗಳಿರುವ ಕಡೆಗೆ ತಿರುಗಬೇಕು. ವಿಜಯನಗರದ ಬಟ್ಟೆ ಅಂಕೋಲೆಗೋ ಹೊನ್ನಾವರಕ್ಕೋ ಇಳಿಯಬೇಕು. ತಾಮ್ರ, ಚೀನೀ ರೇಷ್ಮೆ ಮೊದಲಾದವುಗಳನ್ನು ರಾಯನ ವರ್ತಕರು ಪೋರ್ತುಗೀಜರಿಂದಲೇ ಕೊಳ್ಳಬೇಕು. ಮೂರರ ಹಡಗು ಯಾವುದಾದರೂ ರಾಯನ ರೇವಿಗೆ ಬಂದರೆ ಅದನ್ನು ಹಿಡಿದು ಗೋವೆಗೆ ಕಳಿಸಬೇಕು. ಮುಸಲ್ಮಾನ ವರ್ತಕರನ್ನು ಪೋರ್ತುಗೀಜರು ಆ ಹೆಸರಿನಿಂದ ಕರೆಯುತ್ತಿದ್ದರು. ಉಭಯರೂ ಕೂಡಿ ಆದಿಲಶಾಹನ ಮೇಲೆ ಯುದ್ಧ ಹೂಡಬೇಕು. ಗೆದ್ದ ನೆಲವೆಲ್ಲ ವಿಜಯನಗರದ್ದು, ಆದರೆ ಘಟ್ಟದ ಪಶ್ಚಿಮಕ್ಕೆ ಬಾಂದೆಯಿಂದ ಚಿತ್ತಾಕುಲದ ಹೊಳೆಯವರೆಗಿನ ಪಟ್ಟಿ ಪೋರ್ತುಗಾಲದ ದೊರೆಗೆ. ಈ ಚಿತ್ತಾಕುಲವು ಕಾರವಾರದ ಎದುರು ಕಾಳೀ ನದಿಯ ಆಚೆ ದಡದಲ್ಲಿರುವ ಇಂದಿನ ಸದಾಶಿವಗಡದ ಸ್ಥಳ. ಒಬ್ಬರ ಶತ್ರು ಇನ್ನೊಬ್ಬರಿಗೂ ಶತ್ರು. ಹಿಂದುಸ್ಥಾನದ ಯಾವ ಅರಸನ ಮೇಲಾದರೂ ಸರಿಯೆ ಕರೆದಾಗ ನೆರವಾಗಬೇಕು—ಅಹಮದನಗರದ ನಿಜಾಮಶಾಹ ಒಬ್ಬನನ್ನು ಬಿಟ್ಟು. ಈ ಕಡೆಯ ಮಾತನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕುದುರೆಗಾಗಿ ಇಷ್ಟೊಂದು ಆತುರವೇಕೆ? ದಖ್ಖನಿನ ಬಯಲಿನಲ್ಲಿ ಅಶ್ವದಳವಿಲ್ಲದವನಿಗೆ ಜಯವಿರಲಿಲ್ಲ. ನಮ್ಮ ಹವೆಯಾದರೋ ಒಳ್ಳೆಯ ತಳಿಯ ಕುದುರೆಗೆ ಒಗ್ಗದು. ದಕ್ಷಿಣದವರು ಕುದುರೆಗೆ ಅನ್ನದೊಡನೆ ಬೇಯಿಸಿದ ಮಾಂಸವನ್ನು ತಿನ್ನಿಸುತ್ತಾರೆಂದು ಮಾರ್ಕೊ ಪೋಲೊ 13ನೆಯ ಶತಮಾನದಲ್ಲಿಯೇ ಬೆರಗಾಗಿ ಬರೆದಿದ್ದಾನೆ. ಬಂದ ಕುದುರೆ ಬಹುಕಾಲ ಬಾಳುತ್ತಿರಲಿಲ್ಲ, ಆದುದರಿಂದ ಪ್ರತಿವರ್ಷವೂ ಹೊಸದು ಬೇಕು. ಪೋರ್ತುಗೀಜ ವರ್ತಕ ಫೆರ್ನಾಂವ್ ನೂನಿಜನು ವಿಜಯನಗರದಲ್ಲಿದ್ದು ಬರೆದ ವೃತ್ತಾಂತದಲ್ಲಿ, ರಾಯನು ಹೋರ್ಮುಜದ ಕುದುರೆಗಳನ್ನೂ ನಾಡತಳಿಗಳನ್ನೂ ಸೇರಿಸಿ ವರ್ಷಕ್ಕೆ 13,000 ಕೊಳ್ಳುತ್ತಿದ್ದನೆಂದಿದೆ. ಅದಕ್ಕೂ ಹಿಂದಿನ ನರಸಿಂಹರಾಯನ ವಿಷಯದಲ್ಲಿ ಆತ ಹೇಳುವ ಸಂಗತಿ ಇನ್ನೂ ವಿಚಿತ್ರವಾಗಿದೆ. ಸತ್ತದ್ದಿರಲಿ ಬದುಕಿದ್ದಿರಲಿ, ಮೂರು ಕುದುರೆಗೆ ಸಾವಿರ ಪರದಾವುಗಳಂತೆ ರಾಯನು ಹಣ ಕೊಡುತ್ತಿದ್ದನಂತೆ; ಕಡಲಿನಲ್ಲಿ ಸತ್ತುದರ ಬಾಲವನ್ನು ಕೊಯ್ದು ತಂದು ತೋರಿಸಿದರೆ ಸಾಕು. ಇದು ಅರಸನ ಔದಾರ್ಯವೆಂದು ಕೆಲವರು ಬರೆದಿದ್ದಾರೆ. ನನಗೆ ಅದು ಔದಾರ್ಯಕ್ಕಿಂತ ಅಗತ್ಯದ ಲೆಕ್ಕವೆಂದೇ ತೋರುತ್ತದೆ. ಹಡಗಿನ ಗಂಡಾಂತರವನ್ನೆಲ್ಲ ಕೊಳ್ಳುವವನೇ ಹೊತ್ತುಕೊಂಡರೆ ಮಾರುವವನು ಬೇರೆ ಬಾಗಿಲಿಗೆ ಹೋಗುವುದಿಲ್ಲ.

ಆ ಕಾಲದ ಬಾಗಿಲು ಭಟ್ಕಳ ಮತ್ತು ಹೊನ್ನಾವರ. 16ನೆಯ ಶತಮಾನದ ಆದಿಯಲ್ಲಿ ಬರೆದ ದುವಾರ್ತೆ ಬಾರ್ಬೋಸಾ ಭಟ್ಕಳದ ರೇವಿನಲ್ಲಿ ಹೋರ್ಮುಜದ ಹಡಗುಗಳು ಕುದುರೆಗಳನ್ನು ಇಳಿಸಿ, ಬೆಳ್ತಿಗೆ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುವುದನ್ನು ವರ್ಣಿಸುತ್ತಾನೆ. ತಾಮ್ರವೂ ಪಾದರಸವೂ ಇಲ್ಲಿ ಇಳಿಯುತ್ತಿದ್ದವು. ಡೊಮಿಂಗೊ ಪಾಯೆಸ್ ಎಂಬಾತ ಅಲ್ಲಿಂದ ಘಟ್ಟ ಹತ್ತುವ ದಾರಿಯನ್ನು ಕಂಡು, ಅಕ್ಕಪಕ್ಕದಲ್ಲಿ ನೀರಿನ ಹೊಳೆಗಳಿರುವುದರಿಂದ ಪ್ರಯಾಣ ಸುಖಕರವೆಂದೂ, ವರ್ಷವರ್ಷವೂ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಬರುತ್ತವೆಂದೂ ಹೇಳಿದ್ದಾನೆ. ಮಳೆಗಾಲದಲ್ಲಿ ಆ ಹೊಳೆಗಳ ರೂಪವನ್ನು ಅವನು ನೋಡಿರಲಿಕ್ಕಿಲ್ಲ!

ಈ ಬಾಗಿಲಿನ ಮೇಲೆ ಕೋಪ ತಾಳಿದ ಸಂದರ್ಭವೂ ಒಂದುಂಟು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಭಟ್ಕಳದ ಮುಸಲ್ಮಾನ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಿಂದ ವಿಜಯನಗರದ ಅರಸು ಅವರ ಕೊಲೆಗೆ ಅಪ್ಪಣೆ ಕೊಟ್ಟನೆಂದು ಪೋರ್ತುಗೀಜ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ಸತ್ತವರು ಹತ್ತು ಸಾವಿರವೆಂಬ ಅವನ ಅಂಕಿಯನ್ನು ಹಾಗೆಯೇ ನಂಬಬೇಕಾದುದಿಲ್ಲ. ಆದರೆ ಉಳಿದವರು ಓಡಿಹೋಗಿ ಗೋವೆಯಲ್ಲಿ ನೆಲೆಸಿದರೆಂಬ ಅವನ ಮುಂದಿನ ಮಾತು ವಿಚಾರಾರ್ಹವಾದುದು. ಶತ್ರುವಿಗೆ ಸರಕು ಸಿಗಬಾರದೆಂದು ಮಾಡಿದ ಕ್ರೌರ್ಯ ಶತ್ರುವಿನ ರೇವನ್ನೇ ಬೆಳೆಸಿತು.

1510ರಲ್ಲಿ ಅಫೋನ್ಸೊ ದ ಆಲ್ಬುಕರ್ಕ್ ಆ ಗೋವೆಯನ್ನು ಆದಿಲಶಾಹನಿಂದ ಕಿತ್ತುಕೊಂಡ. ಅದಕ್ಕೆ ಹುರಿದುಂಬಿಸಿದವನೂ ನೆರವಾದವನೂ ಹೊನ್ನಾವರದ ತಿಮ್ಮಯ್ಯ, ಪೋರ್ತುಗೀಜರ ಬಾಯಲ್ಲಿ ತಿಮೋಜ. ಗೆದ್ದಕೂಡಲೇ ಆಲ್ಬುಕರ್ಕನು ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದ. ಅವನ ನೌಕೆಗಳು ಕಡಲಿನಲ್ಲಿ ಸುಳಿದಾಡುತ್ತಿದ್ದವು. ಭಟ್ಕಳಕ್ಕೆ ಹೊರಟವನೂ ಗೋವೆಗೆ ತಿರುಗಬೇಕಾಯಿತು. 1515ರಲ್ಲಿ ಹೋರ್ಮುಜವೂ ಅವನ ಕೈಸೇರಿತು. ಹೀಗೆ ಸರಕು ಹೊರಡುವ ಬಾಯಿ, ಇಳಿಯುವ ಬಾಯಿ ಎರಡೂ ಒಬ್ಬನ ವಶವಾದವು.

ಇಲ್ಲಿಂದ ಮುಂದಿನ ಕಥೆಯಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ವಿಷಯದ ಮರ್ಮ ಇಲ್ಲಿದೆ. 1514ರ ಸುಮಾರಿಗೆ ಕೃಷ್ಣದೇವರಾಯನು ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ದೊಡ್ಡ ಮೊತ್ತವನ್ನು ಮುಂದಿಟ್ಟ. ಆಲ್ಬುಕರ್ಕ್ ಒಪ್ಪಲಿಲ್ಲ. ಕೆಲದಿನಗಳ ಮೇಲೆ ರಾಯನ ರಾಯಭಾರಿಗಳು ಮತ್ತೆ ಬಂದರು, ಆದಿಲಶಾಹನ ಮೇಲೆ ಯುದ್ಧಕ್ಕೆ ಹೋಗುವ ಸಂಕಲ್ಪವನ್ನೂ ತಿಳಿಸಿದರು. ಸುದ್ದಿ ಮುಟ್ಟಿದ ಕೂಡಲೆ ಆದಿಲಶಾಹನ ರಾಯಭಾರಿಗಳೂ ಗೋವೆಗೆ ಬಂದಿಳಿದರು. ಆಗ ಆಲ್ಬುಕರ್ಕನು ಎರಡು ಕಾಗದಗಳನ್ನು ಬರೆಸಿದ. ವರ್ಷಕ್ಕೆ 30,000 ಕ್ರುಜಾದುಗಳನ್ನು ಕೊಟ್ಟು, ತಮ್ಮ ಆಳುಗಳನ್ನೇ ಕಳಿಸಿ ಹೊಡೆಸಿಕೊಂಡು ಹೋಗುವುದಾದರೆ ಕುದುರೆಗಳೆಲ್ಲ ತಮಗೇ, ದಂಡಿನ ಖರ್ಚು ಕೊಟ್ಟರೆ ಯುದ್ಧದಲ್ಲಿ ನೆರವೂ ಉಂಟು ಎಂದು ವಿಜಯನಗರಕ್ಕೆ ಒಂದು. ಗೋವೆಯ ಎದುರಿನ ನೆಲದಲ್ಲಿ ಇಂತಿಷ್ಟನ್ನು ಪೋರ್ತುಗಾಲಕ್ಕೆ ಬಿಟ್ಟರೆ ಗೋವೆಗೆ ಬರುವ ಕುದುರೆಗಳೆಲ್ಲ ತಮಗೇ ಎಂದು ವಿಜಾಪುರಕ್ಕೆ ಇನ್ನೊಂದು. ಒಬ್ಬನಿಂದ ಹಣ, ಒಬ್ಬನಿಂದ ನೆಲ! ಇತ್ಯರ್ಥವಾಗುವ ಮೊದಲೇ 1515ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಆದರೆ ಆ ಎರಡು ಕಾಗದಗಳ ನೀತಿ ಅವನೊಡನೆ ಸಾಯಲಿಲ್ಲ. ಇಬ್ಬರು ವೈರಿಗಳಿಗೆ ಮಾರುವವನಿಗೆ ಅವರಲ್ಲಿ ಯಾರೂ ಪೂರ್ತಿಯಾಗಿ ಗೆಲ್ಲದಿರುವುದೇ ಲಾಭ.

ರಾಯಚೂರಿನ ರಣದಲ್ಲಿ ಇದರ ಚಿತ್ರವೇ ಇದೆ. 1520ರ ಮೇ 19ರಂದು ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ. ಹೋರ್ಮುಜದ 4,000 ಕುದುರೆಗಳೂ 400 ದೊಡ್ಡ ತೋಪುಗಳೂ 900 ತೋಪಿನ ಬಂಡಿಗಳೂ ರಾಯನ ಕೈಗೆ ಬಂದವೆಂದು ನೂನಿಜ್ ಎಣಿಸುತ್ತಾನೆ. ಮುತ್ತಿಗೆಯ ವೇಳೆಗೆ ಕುದುರೆ ಮಾರಲೆಂದು ಬಂದಿದ್ದ ಕ್ರಿಸ್ತೊವಾಂವ್ ದ ಫಿಗೈರೇದೊ ತನ್ನ ಇಪ್ಪತ್ತು ಮಂದಿ ಕೋವಿಕಾರರೊಡನೆ ಕೋಟೆಯ ಗೋಡೆಯ ಮೇಲಿನವರನ್ನು ಹೊಡೆದುರುಳಿಸಿದ. ಎದುರು ಪಕ್ಷದಲ್ಲಿಯೂ ಪೋರ್ತುಗೀಜರಿದ್ದರು—ಗೋವೆ ಬಿಟ್ಟು ಓಡಿ ವಿಜಾಪುರದ ಸಂಬಳಕ್ಕೆ ನಿಂತವರು. ಕುದುರೆಯೂ ಕೋವಿಯೂ ಎರಡು ಕಡೆಗೂ ಬಂದದ್ದು ಹೆಚ್ಚುಕಡಮೆ ಒಂದೇ ದಾರಿಯಿಂದ.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ತೋಪು ಕೋವಿಗಳ ಬಳಕೆ ಇನ್ನಷ್ಟು ಬೆಳೆಯಿತು. ಅದಕ್ಕಾಗಿಯೇ 1547ರ ಕರಾರಿನಲ್ಲಿ ಕುದುರೆಯ ಜೊತೆಗೆ ಪೆಟ್ಲುಪ್ಪು, ಕಬ್ಬಿಣ, ತಾಮ್ರಗಳೂ ಬಂದುವು. ಕೋವಿಯ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದುದು ಇದ್ದಿಲು, ಗಂಧಕ. ಇದ್ದಿಲಿಗೆ ಕಾಡಿದೆ. ಗಂಧಕ ನಮ್ಮ ನೆಲದಲ್ಲಿ ದುರ್ಲಭ; ಎರಡೂಕಾಲು ಶತಮಾನಗಳ ಮೇಲೆ ಟಿಪ್ಪು ಸುಲ್ತಾನನು ಕೂಡ ಮಸ್ಕತ್ತಿನಲ್ಲಿ ಸ್ವಂತ ಕೋಠಿ ಇಟ್ಟು, ಗಂಧ ಮೆಣಸು ಅಕ್ಕಿಗಳನ್ನು ಕಳಿಸಿ ಅಲ್ಲಿಂದ ಗಂಧಕ ತರಿಸಬೇಕಾಯಿತು. ಪೆಟ್ಲುಪ್ಪಾದರೋ ಹಳೆಯ ಊರುಗಳ ಮಣ್ಣಿನಲ್ಲಿ, ದನದ ಕೊಟ್ಟಿಗೆಗಳ ನೆಲದಲ್ಲಿ ತಾನಾಗಿ ಹುಟ್ಟುವಂಥದು. ಆ ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು, ಕಾಯಿಸಿ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಆದರೆ ಅದು ನೀರಿಗೆ ಕರಗುವ ಉಪ್ಪಾದುದರಿಂದ ನಮ್ಮ ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ. ಒಣಹವೆಯ ಬಯಲುಸೀಮೆಯೇ ಅದಕ್ಕೆ ನೆಲೆ. ಅಂದಮೇಲೆ ಅದು ಹಡಗು ಸೇರಬೇಕಾದರೆ ಘಟ್ಟ ಇಳಿಯಲೇಬೇಕು. ಕರಾರಿನಲ್ಲಿ ನಿಲ್ಕುಂದದ ಹೆಸರಿಲ್ಲ, ಯಾವ ಘಟ್ಟದ ಹೆಸರೂ ಇಲ್ಲ. ಅಂಕೋಲೆ ಹೊನ್ನಾವರಗಳ ಹೆಸರು ಹೇಳಿದ ಮೇಲೆ ಅವುಗಳ ಬೆನ್ನಿಗಿರುವ ದಾರಿಗಳ ಹೆಸರನ್ನು ಗೋವೆಯ ಗುಮಾಸ್ತರು ಬರೆಯಬೇಕಾದ ಅಗತ್ಯ ಕಾಣಲಿಲ್ಲ. ಹೇರೆತ್ತು ಹೊಡೆಯುವವನಿಗೆ ಮಾತ್ರ ಅದು ಬರೆಯದೆಯೂ ತಿಳಿಯುವ ಸಂಗತಿ. ಬಾಂದೆಗೆ ಹೋಗುತ್ತಿದ್ದ ಹೇರು ಇನ್ನು ಮುಂದೆ ಅಂಕೋಲೆಗೆ ಹೋಗಬೇಕೆಂದರೆ ಅವನ ದಾರಿ, ತಂಗುವ ಕಟ್ಟೆ, ಕೊಡುವ ಸುಂಕ, ಕೊಳ್ಳುವ ಸಾಹುಕಾರ ಎಲ್ಲವೂ ಬದಲಾಗಬೇಕು.

ಇತ್ತ ತೋಪು ಎರೆಯಲು ಕಂಚು ಬೇಕು; ಕಂಚಿಗೆ ತಾಮ್ರವೂ ತವರವೂ ಬೇಕು. ತಾಮ್ರದ ಬಹುಭಾಗವನ್ನು ಪೋರ್ತುಗೀಜರು ಯುರೋಪಿನ ಗಣಿಗಳಿಂದ ಲಿಸ್ಬನ್ ಮೂಲಕ ತರುತ್ತಿದ್ದರು. ತವರ ಮಲಯ ದೇಶದ್ದು. ಅದರ ಪೇಟೆಯಾದ ಮಲಕ್ಕವನ್ನು ಆಲ್ಬುಕರ್ಕನು 1511ರಲ್ಲಿಯೇ ಹಿಡಿದಿದ್ದ. ಕೈಕೆಲಸದಲ್ಲಿ ನಮ್ಮವರು ಹಿಂದಿದ್ದರೆಂದು ಮಾತ್ರ ಯಾರೂ ತಿಳಿಯಬಾರದು. ಗೋವೆಯಲ್ಲಿ ಆದಿಲಶಾಹನ ಕಾಲದಿಂದ ಇದ್ದ ಕೋವಿ ಮಾಡುವವರು ಬೊಹೆಮಿಯದ ಕುಶಲಿಗಳಿಗೆ ಸರಿಸಮಾನರೆಂದು ಆಲ್ಬುಕರ್ಕನೇ 1513ರಲ್ಲಿ ತನ್ನ ದೊರೆಗೆ ಬರೆದಿದ್ದ. ಕುಶಲತೆ ಇಲ್ಲಿಯದು, ಲೋಹ ಹೊರಗಿನದು, ಅದೇ ತೊಡಕು.

ಕಾಸ್ತ್ರೊ 1547ರಲ್ಲಿ ಕರಾರಿಗೆ ಮುಂದಾದದ್ದು ಬರಿಯ ಸ್ನೇಹದಿಂದಲ್ಲ. ಹಿಂದಿನ ವರ್ಷ ಗುಜರಾತಿನ ಸುಲ್ತಾನನು ದೀವಿನ ಕೋಟೆಗೆ ಹಾಕಿದ ಮುತ್ತಿಗೆಯನ್ನು ಅವನು ಬಹು ಕಷ್ಟದಿಂದ ಮುರಿದಿದ್ದ. ಕೋಟೆಯನ್ನು ಮತ್ತೆ ಕಟ್ಟಿಸಲು ಹಣವಿಲ್ಲದೆ ತನ್ನ ಗಡ್ಡದ ಕೂದಲನ್ನೇ ಒತ್ತೆಯಿಟ್ಟು ಗೋವೆಯ ನಗರಸಭೆಯಿಂದ ಸಾಲ ಎತ್ತಿದನೆಂಬ ಕಥೆ ಅವನ ದೇಶದಲ್ಲಿ ಮನೆಮಾತು. ಇಂಥ ಹೊತ್ತಿನಲ್ಲಿ ಗೋವೆಯ ಬೆನ್ನಿಗೆ ಆದಿಲಶಾಹ ನಿಂತಿದ್ದ. ವಿಜಯನಗರದಲ್ಲಿ ಸದಾಶಿವರಾಯ ಹೆಸರಿಗೆ ಅರಸು, ಆಳುವವನು ರಾಮರಾಯ. ಇಬ್ಬರಿಗೂ ಹೆದರಿಕೆ ಒಂದೇ ಆಗಿದ್ದ ಗಳಿಗೆಯಲ್ಲಿ ಕರಾರು ಆಯಿತು.

ಆದರೆ ಯಾರ ರೇವುಗಳ ಬಗ್ಗೆ ಬರೆದರೋ ಅವರನ್ನು ಕೇಳಿದ ಲಕ್ಷಣವಿಲ್ಲ. ಕರಾವಳಿಯಲ್ಲಿ ವಿಜಯನಗರದ ಆಳ್ವಿಕೆಯೆಂದರೆ ಸಾಮಂತರ ಆಳ್ವಿಕೆ. ಭಟ್ಕಳದಲ್ಲಿ ಒಬ್ಬ ರಾಣಿ, ಗೇರುಸೊಪ್ಪೆಯಲ್ಲಿ ಒಂದು ಮನೆತನ. ಇವರ ಬೊಕ್ಕಸ ತುಂಬುತ್ತಿದ್ದುದೇ ಎಲ್ಲ ಬಣ್ಣದ ಹಡಗುಗಳೂ ಬಂದುಹೋಗುವುದರಿಂದ. ಕಪ್ಪ ಕೊಡಲಿಲ್ಲವೆಂಬ ನೆಪದಿಂದ 1542ರಲ್ಲಿ ಗವರ್ನರ್ ಮಾರ್ತಿಂ ಅಫೋನ್ಸೊ ದ ಸೌಜ ಭಟ್ಕಳವನ್ನು ಸುಟ್ಟು ಸೂರೆ ಮಾಡಿದ್ದ. ಆ ಬೂದಿ ಆರಿ ಐದೇ ವರ್ಷಗಳಾಗಿದ್ದವು. ಈಗ ಅವರ ಒಡೆಯನಾದ ರಾಯನೇ ಅದೇ ಪೋರ್ತುಗೀಜರೊಡನೆ ಕುಳಿತು, ಮುಸಲ್ಮಾನ ವರ್ತಕರ ಹಡಗು ಬಂದರೆ ಹಿಡಿದುಕೊಡುವೆನೆಂದು ಬರೆದುಕೊಟ್ಟ. ದೂರದ ರಾಜಧಾನಿಯ ಕ್ಷೇಮಕ್ಕಾಗಿ ಕರಾವಳಿಯ ಪೇಟೆಗಳು ತಮ್ಮ ಅರ್ಧ ಗಿರಾಕಿಗಳನ್ನು ಕಳೆದುಕೊಳ್ಳಬೇಕಾಗಿತ್ತು. ಈ ಕಲಮು ಪೂರ್ತಿಯಾಗಿ ನಡೆಯಲಿಲ್ಲವೆಂಬುದೇ ಅವರ ಪುಣ್ಯ.

ನಡೆಯದಿದ್ದುದಕ್ಕೆ ಕಾರಣ ಬಹುಬೇಗ ಒದಗಿತು. 1548ರ ಜೂನಿನಲ್ಲಿ ಕಾಸ್ತ್ರೊ ಸತ್ತ. ಅವನ ಉತ್ತರಾಧಿಕಾರಿ ಗಾರ್ಸಿಯ ದ ಸಾ, ಆಗಸ್ಟಿನಲ್ಲಿಯೇ ಇಬ್ರಾಹಿಂ ಆದಿಲಶಾಹನೊಡನೆ ಶಾಂತಿಯ ಒಪ್ಪಂದ ಮಾಡಿಕೊಂಡ. ಸಾಷ್ಟಿ ಬಾರ್ದೇಶಗಳು ಪೋರ್ತುಗೀಜರಿಗೆ ಖಾಯಮಾದವು. ‘ಕೂಡಿ ಯುದ್ಧ ಹೂಡಬೇಕು’ ಎಂದು ಬರೆದು ಹನ್ನೊಂದು ತಿಂಗಳು ತುಂಬಿತ್ತು. ಮೂವತ್ತು ವರ್ಷಗಳ ಹಿಂದೆ ಆಲ್ಬುಕರ್ಕ್ ವಿಜಾಪುರದಿಂದ ಕೇಳಿದ್ದ ಎದುರುದಡದ ನೆಲ ಹೀಗೆ ಕೈಗೆ ಬಂತು. ಅದಕ್ಕೆ ವಿಜಯನಗರದ ಸ್ನೇಹ ತಕ್ಕಡಿಯಲ್ಲಿಡುವ ತೂಕದ ಕಲ್ಲಾಗಿ ಒದಗಿತೆಂದು ನನ್ನ ಊಹೆ. ಇದನ್ನು ಪರಂಗಿಯವರ ವಿಶ್ವಾಸಘಾತವೆಂದು ಮಾತ್ರ ಬಣ್ಣಿಸುವುದು ನ್ಯಾಯವಲ್ಲ. ರಾಮರಾಯನೂ ಮುಂದೆ ಹತ್ತು ವರ್ಷಗಳೊಳಗೆ, ಯಾವನಿಗೆ ಒಂದೂ ಕುದುರೆ ಹೋಗಕೂಡದೆಂದು ಬರೆಸಿದ್ದನೋ ಆ ವಿಜಾಪುರದ ಪಕ್ಷವನ್ನೇ ಹಿಡಿದು, ಆಲೀ ಆದಿಲಶಾಹನ ಜೊತೆಗೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದ. 1558ರಲ್ಲಿ ಪೋರ್ತುಗೀಜರ ಸಾಂತೋಮೆಯ ಮೇಲೂ ಹೋಗಿ ದಂಡ ವಸೂಲು ಮಾಡಿದ. ಇಬ್ಬರೂ ಕರಾರನ್ನು ಅನುಕೂಲವಿದ್ದಷ್ಟು ದಿನ ಓದಿದರು.

ಈಗ ನಿಜಾಮಶಾಹನ ಮಾತಿಗೆ ಬರೋಣ. ಕರಾರು ಅವನನ್ನು ಲೆಕ್ಕದ ಹೊರಗಿಟ್ಟಿತ್ತು. ಆದಿಲಶಾಹನೊಬ್ಬನಿಗೆ ಸರಕು ತಪ್ಪಿಸಿದರೆ ಸಾಕೆಂದು ಅದನ್ನು ಬರೆದವರ ಎಣಿಕೆ. ಕರಾರಾದ ಎರಡೇ ವರ್ಷಗಳಲ್ಲಿ, 1549ರಲ್ಲಿ, ಅದೇ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಿ ಒಂದು ತೋಪನ್ನು ಎರೆದ. ಸುಮಾರು 55 ಟನ್ನು ತೂಕ. ಐದರಲ್ಲಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಅದೇ ಮುಂದೆ 1632ರಲ್ಲಿ ವಿಜಾಪುರಕ್ಕೆ ಬಂದು, ಇಂದಿಗೂ ವಿಜಯಪುರ ನಗರದ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್. ಪ್ರವಾಸಕ್ಕೆ ಹೋದ ಮಕ್ಕಳು ಅದರ ಸಿಂಹದ ಬಾಯಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟು ಲೋಹ ಸಮುದ್ರ ದಾಟಿ ಘಟ್ಟ ಹತ್ತಿ ಅಲ್ಲಿಗೆ ಮುಟ್ಟಿತೆಂದರೆ, ಅಂಕೋಲೆ ಹೊನ್ನಾವರಗಳಿಗೆ ಹಾಕಿದ ಬೀಗ ಚೌಲ ದಾಭೋಳಗಳಿಗೆ ತಾಕಲಿಲ್ಲವೆಂದೇ ಹೇಳಬೇಕು.

1565ರ ಜನವರಿಯಲ್ಲಿ ಕೃಷ್ಣೆಯ ದಡದಲ್ಲಿ ನಾಲ್ವರು ಸುಲ್ತಾನರು ಕೂಡಿ ಬಂದಾಗ ನಡುವೆ ನಿಂತವನು ಹುಸೇನ್ ನಿಜಾಮಶಾಹ. ಅವನ 600 ತೋಪುಗಳು ಮೂರು ಸಾಲುಗಳಲ್ಲಿದ್ದವೆಂದೂ, ಅವುಗಳ ಒಡೆಯ ರೂಮಿಖಾನನೆಂದೂ ಫೆರಿಷ್ತಾ ಬರೆದಿದ್ದಾನೆ. ವಿಜಯನಗರದ ದಳ ಎರಡನೆಯ ಬಾರಿ ಮೇಲೆ ಬಿದ್ದಾಗ ಅವನು ಗುಂಡಿಗೆ ಬದಲಾಗಿ ತಾಮ್ರದ ನಾಣ್ಯಗಳ ಚೀಲಗಳನ್ನೇ ತೋಪುಗಳಲ್ಲಿ ತುಂಬಿಸಿ ಹತ್ತಿರದಿಂದ ಹಾರಿಸಿದನಂತೆ. ಒಂದೇ ಸಲಕ್ಕೆ ಐದು ಸಾವಿರ ಮಂದಿ ಬಿದ್ದರಂತೆ. ಫೆರಿಷ್ತಾನ ಅಂಕಿಗಳಿಗೂ ಬಾರೋಸನ ಅಂಕಿಗಳಿಗೆ ಮಾಡಿದ ರಿಯಾಯಿತಿಯನ್ನೇ ಮಾಡಿದರೂ, ಹೋರ್ಮುಜದ ಕುದುರೆ ಏರಿ ಬಂದವರನ್ನು ತಾಮ್ರ ತಡೆಯಿತೆಂಬ ಸಂಗತಿ ಉಳಿಯುತ್ತದೆ. ರಾಮರಾಯ ಸೆರೆಸಿಕ್ಕಿ ಸತ್ತ, ರಾಜಧಾನಿ ಹಾಳಾಯಿತು.

ಗೋವೆಯಲ್ಲಿ ಯಾರೂ ಹಿಗ್ಗಲಿಲ್ಲ. ಆ ಕಾಲದ ಪೋರ್ತುಗೀಜ ಬಖರಕಾರ ದಿಯೋಗೊ ದೊ ಕೂತೊ, ಈ ನಾಶದಿಂದ ತಮ್ಮ ರಾಜ್ಯವೇ ನಡುಗಿತೆಂದು ಬರೆದಿದ್ದಾನೆ. ಕುದುರೆ, ಮಖಮಲ್ಲು, ರೇಷ್ಮೆ ಎಲ್ಲಕ್ಕೂ ಅವರ ದೊಡ್ಡ ಗಿರಾಕಿ ವಿಜಯನಗರವೇ ಆಗಿತ್ತು. ಗೋವೆಯ ಸುಂಕದ ಕಟ್ಟೆಯ ಆದಾಯ ಇಳಿದುಹೋಯಿತು. ಅರ್ಧ ಶತಮಾನ ಎರಡು ಕಡೆಯವರಿಗೂ ಕಾಗದ ಬರೆದವರಿಗೆ ಒಂದು ಕಡೆಯ ವಿಳಾಸವೇ ಇಲ್ಲವಾಯಿತು. ಆ ನಷ್ಟವನ್ನು ಅವರು ಮೆಣಸಿನಲ್ಲಿ ತುಂಬಿಕೊಳ್ಳಲು ಹೊರಟರು. 1569ರಲ್ಲಿ ವೈಸ್‌ರಾಯ್ ಲುಯಿಸ್ ದ ಅತಾಯ್ದೆ ಹೊನ್ನಾವರವನ್ನು ಹಿಡಿದು ಅಲ್ಲಿ ಕೋಟೆ ಕಟ್ಟಿದ. ಆಗ ಅವನಿಗೆ ಇದಿರಾದವಳು ಪೋರ್ತುಗೀಜರೇ ಮೆಣಸಿನ ರಾಣಿಯೆಂದು ಹೆಸರಿಟ್ಟ ಗೇರುಸೊಪ್ಪೆಯ ಚೆನ್ನಭೈರಾದೇವಿ. ಘಟ್ಟದ ಮೇಲೆ ಸೋಂದೆಯಲ್ಲಿ ಅರಸಪ್ಪನಾಯಕ ಆಗಲೇ ಸ್ವಂತ ಆಳ್ವಿಕೆ ಕಟ್ಟುತ್ತಿದ್ದ. ಅಂಕೋಲೆಗೆ ಇಳಿಯಬೇಕಾಗಿದ್ದ ಪೆಟ್ಲುಪ್ಪಿನ ಹೇರುಗಳ ಸುದ್ದಿ ಮತ್ತೆ ಕೇಳಬರುವುದಿಲ್ಲ. ಮೆಣಸಿನ ಹೇರುಗಳು ಅದೇ ದಾರಿಗಳಲ್ಲಿ ಇಳಿಯುತ್ತಿದ್ದವು, ಈ ಬಾರಿ ಒಂದೊಂದು ತಿರುವಿಗೆ ಒಬ್ಬೊಬ್ಬ ಅರಸನಿಗೆ ಸುಂಕ ಕೊಟ್ಟು.